ದಕ್ಕೆಯಿಂದ ಲ್ಯಾಬಿಗೆ

ಎಂಬತ್ತರ ದಶಕದ ಮಂಗಳೂರಿನಲ್ಲಿ ಕಡಲ ನೀರಿನ ಪರೀಕ್ಷೆ ಶುರುವಾಗುತ್ತಿದ್ದುದು ಮೀನುಗಾರಿಕೆ ಬೋಟುಗಳು ನಿಲ್ಲುವ ದಕ್ಕೆಯಲ್ಲಿ. ಬೆಳಗಿನ ಜಾವ ಹೊರಡುವ ಯಾವುದಾದರೂ ಬೋಟು ಹತ್ತುತ್ತಿದ್ದೆವು. ಹಗ್ಗಕ್ಕೆ ಕಟ್ಟಿದ ಬಾಟಲಿಯನ್ನು ಬಾಯಿ ತೆರೆದೇ ಇಳಿಬಿಟ್ಟು, ಹಗ್ಗದ ಗುಂಟ ಹಿತ್ತಾಳೆಯ ತೂಕ ಜಾರಿಸಿದರೆ ಅದು ಬಡಿದು ಬಾಟಲಿ ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ನೀರನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ಓಟ. ತಡವಾದರೆ ಅದರೊಳಗಿನ ಜೀವಿಗಳಿಂದಲೇ ಪೋಷಕಾಂಶಗಳ ಲೆಕ್ಕ ತಪ್ಪುತ್ತದೆ.

ಆ ಪೋಷಕಾಂಶಗಳಲ್ಲಿ ನೈಟ್ರೇಟ್ ಪರೀಕ್ಷೆ ನನಗೆ ಬಲು ಇಷ್ಟ. ತಾಮ್ರ ಲೇಪಿಸಿದ ಕ್ಯಾಡ್ಮಿಯಂ ಚೂರುಗಳ ಗಾಜಿನ ಕೊಳವೆಯಲ್ಲಿ ನೀರು ಇಳಿಯುತ್ತಾ ನೈಟ್ರೇಟ್ ನೈಟ್ರೈಟ್ ಆಗುತ್ತದೆ. ಎರಡು ದ್ರಾವಣ ಬೆರೆಸಿ ಸ್ವಲ್ಪ ಹೊತ್ತು ಕಾದರೆ ಗುಲಾಬಿ ಬಣ್ಣ ಮೂಡುತ್ತದೆ. ಬಣ್ಣ ಕಡುವಾದಷ್ಟೂ ನೈಟ್ರೇಟ್ ಹೆಚ್ಚು. ಅಂಕಿ ಬರೆದುಕೊಳ್ಳುವ ಮೊದಲೇ ಕಣ್ಣಿಗೆ ಅಂದಾಜು ಸಿಕ್ಕಿರುತ್ತಿತ್ತು. ಫಾಸ್ಫೇಟಿನ ಬಾಟಲಿಗಳಿಗೆ ಮಾತ್ರ ಸೋಪಿನ ಪುಡಿ ಮುಟ್ಟಿಸುವಂತಿರಲಿಲ್ಲ, ಅದರಲ್ಲೇ ಫಾಸ್ಫೇಟ್ ಇರುತ್ತಿತ್ತು. ಆಸಿಡ್ಡಿನಲ್ಲೇ ತೊಳೆಯಬೇಕು.

ಇದೆಲ್ಲ ಯಾಕೆ ಎಂದು ಕೇಳಿದವರಿಗೆ ನಾನು ಹೇಳುತ್ತಿದ್ದುದು 1983ರ ಸಂಗತಿ. ಆ ವರ್ಷ ಮಂಗಳೂರು ಕಡೆ ಮರುವಾಯಿ ಎಂಬ ಚಿಪ್ಪುಜೀವಿ ತಿಂದ ಕೆಲವರು ಆಸ್ಪತ್ರೆ ಸೇರಿದರು, ಒಬ್ಬ ಹುಡುಗ ತೀರಿಕೊಂಡ. ಮರುವಾಯಿ ನೀರು ಸೋಸಿ ತಿನ್ನುವ ಜೀವಿ. ಅದು ತಿಂದ, ಇದೇ ಪೋಷಕಾಂಶಗಳಿಂದ ಬೆಳೆಯುವ ಸೂಕ್ಷ್ಮ ಪಾಚಿಯ ವಿಷ ಮಾಂಸದಲ್ಲೇ ಉಳಿದಿತ್ತು. ಬೇಯಿಸಿದರೂ ಹೋಗದ ವಿಷ ಅದು, ರುಚಿಯಲ್ಲೂ ಗೊತ್ತಾಗುವುದಿಲ್ಲ. ಆಗ ಅದನ್ನು ಅಳೆಯುತ್ತಿದ್ದುದು ಬಿಳಿ ಇಲಿಗೆ ಚುಚ್ಚಿ, ಅದು ಸಾಯಲು ಹಿಡಿಯುವ ಸಮಯ ನೋಡಿ.

ಇಂದು ಆ ಕೆಲಸವನ್ನು ಯಂತ್ರ ಮಾಡಬಲ್ಲದು. ಪೋಷಕಾಂಶಗಳಿಗೂ ಸ್ವಯಂಚಾಲಿತ ಯಂತ್ರಗಳು ಬಂದವು. 1999ರಲ್ಲಿ ಓಷನ್‌ಸ್ಯಾಟ್ ಉಪಗ್ರಹ ಹಾರಿದ ಮೇಲೆ ಇಡೀ ಕರಾವಳಿಯ ಕಡಲಿನ ಪಾಚಿಯ ಹಸಿರು ಒಂದೇ ಚಿತ್ರದಲ್ಲಿ ಕಾಣಿಸಿತು. ನಾವು ಬೊಗಸೆ ನೀರಿನಲ್ಲಿ ಹುಡುಕುತ್ತಿದ್ದದ್ದು ಹಾಗೆ ಹರಡಿ ಬಿದ್ದಿದ್ದನ್ನು ನೋಡಿ ಮೈ ಜುಮ್ಮೆಂದಿತ್ತು.

ಆದರೆ ನಮ್ಮ ಕಡಲಿನಲ್ಲಿ ತಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುವುದು ಮುಂಗಾರಿನಲ್ಲಿ. ಆಗ ಮೋಡದಿಂದಾಗಿ ಉಪಗ್ರಹಕ್ಕೆ ಕಡಲೇ ಕಾಣುವುದಿಲ್ಲ. ಜೂನ್, ಜುಲೈಯಲ್ಲಿ ಮೀನುಗಾರಿಕೆಗೆ ರಜೆ, ಬೋಟುಗಳೆಲ್ಲ ದಕ್ಕೆಯಲ್ಲಿ. ಹೆಚ್ಚು ಬೇಕಾದ ತಿಂಗಳುಗಳ ಅಳತೆಯೇ ನಮ್ಮಲ್ಲಿ ಕಡಿಮೆ. ಈ ಕೊರಗು ನನ್ನನ್ನು ಬಿಟ್ಟಿಲ್ಲ.

ಇನ್ನೊಂದು ಮಾತು. ನೀರು ಹಸಿರಾಗಿದೆ ಎಂದು ಉಪಗ್ರಹ ಹೇಳುತ್ತದೆ, ಅದರಲ್ಲಿರುವ ಪಾಚಿ ವಿಷದ್ದೋ ಅಲ್ಲವೋ ಎಂದು ಹೇಳುವುದಿಲ್ಲ. ಅದನ್ನು ತಿಳಿಯಲು ಅಯೋಡಿನ್ ಹಾಕಿ ಚಹಾ ಬಣ್ಣಕ್ಕೆ ತಿರುಗಿದ ನೀರನ್ನು ಒಂದು ಸಾವಿರ ಚೌಕಗಳ ಗಾಜಿನ ಮೇಲೆ ಹರಡಿ, ಸೂಕ್ಷ್ಮದರ್ಶಕದಡಿ ಗುರುತು ಹಿಡಿದು ಎಣಿಸಬೇಕು. ಹಾಗೆ ಕೂತು ಎಣಿಸಬಲ್ಲವರು ರಾಜ್ಯದ ಮೂರು ಕರಾವಳಿ ಜಿಲ್ಲೆಗಳಲ್ಲೂ ಇರಲೇಬೇಕು. ಹೊಳೆಯಲ್ಲಿ ಮರುವಾಯಿ ಹೆಕ್ಕುವ ಹೆಂಗಸರಿಗೆ "ಈ ವಾರ ಬೇಡ ಅಕ್ಕ" ಎಂದು ಸಮಯಕ್ಕೆ ಸರಿಯಾಗಿ ಹೇಳುವವರು ಬೇಕು.