ನರಿಯಲ್ಲದ ನರಿ

ಉತ್ತರ ಅಮೆರಿಕದ ಕಯೋಟಿ ಎಂಬ ಕಾಡುಪ್ರಾಣಿಗೆ ಕನ್ನಡದ ದಿನಬಳಕೆಯಲ್ಲಿ ಸ್ವಂತದ್ದೊಂದು ಹೆಸರಿಲ್ಲ. ಇದು ಭಾಷೆಯ ಬಡತನವೇನೂ ಅಲ್ಲ; ಗಂಡಭೇರುಂಡ, ಶರಭಗಳಂಥ ಕೆಲವನ್ನು ಬಿಟ್ಟರೆ ಕಣ್ಣಿಗೆ ಬೀಳದ ಪ್ರಾಣಿಗೆ ಹೆಸರಿಡುವ ಗೋಜಿಗೆ ಕನ್ನಡ ಹೆಚ್ಚಾಗಿ ಹೋದದ್ದಿಲ್ಲ. ಆದರೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸನ್ನಿವೇಲ್‌ಗಳಂಥ ಊರುಗಳಲ್ಲಿ ಮನೆ ಮಾಡಿಕೊಂಡ ಕನ್ನಡಿಗರು, ಮುಸ್ಸಂಜೆಯಲ್ಲಿ ಬೇಲಿಯಂಚಿಗೆ ಸುಳಿಯುವ ಅದನ್ನು ಹಿಂದೆಮುಂದೆ ನೋಡದೆ ‘ನರಿ’ ಎಂದುಬಿಡುತ್ತಾರೆ. ಆ ಮಾತನ್ನು ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಫೋನಿನಲ್ಲಿ ಕೇಳಿಸಿಕೊಂಡ ಹಿರಿಯರು ತಾವು ಬಾಲ್ಯದಲ್ಲಿ ಕಬ್ಬಿನ ಗದ್ದೆಯ ಬದಿಯಲ್ಲಿ ಕಂಡ ಪ್ರಾಣಿಯನ್ನೇ ನೆನೆದು, ಅದಕ್ಕೇನಂತೆ, ಮನುಷ್ಯರ ನೆರಳು ಕಂಡರೆ ಓಡಿಹೋಗುತ್ತದೆ ಎಂದು ನಿಶ್ಚಿಂತರಾಗುತ್ತಾರೆ. ಇದು ನಿಘಂಟುಕಾರರಿಗೆ ಮಾತ್ರ ಚುಚ್ಚಬೇಕಾದ ಮುಳ್ಳು ಎಂದು ತೋರಬಹುದು. ಆದರೆ ಹೆಸರು ಒಂಟಿಯಾಗಿ ಬರುವುದಿಲ್ಲ, ತನ್ನ ಹಳೆಯ ಆರೋಪಪಟ್ಟಿಯನ್ನೂ ಹಳೆಯ ಸಮಾಧಾನಗಳನ್ನೂ ಹೊತ್ತು ತರುತ್ತದೆ.

ಕಯೋಟಿಯು ನಾಯಿ, ತೋಳ, ನರಿಗಳನ್ನು ಒಳಗೊಂಡ, ಜೀವವಿಜ್ಞಾನಿಗಳು ‘ಕೇನಿಸ್’ ಎಂದು ಕರೆಯುವ ಪಂಗಡಕ್ಕೆ ಸೇರಿದ್ದು. ಅಮೆರಿಕದ ಪಶ್ಚಿಮ ಭಾಗದಲ್ಲಿ ಅದರ ತೂಕ ಸಾಮಾನ್ಯವಾಗಿ 9ರಿಂದ 15 ಕಿಲೋಗ್ರಾಂ. ತೋಳದ ಪಕ್ಕದಲ್ಲಿ ಬಡಕಲು, ನರಿಯ ಪಕ್ಕದಲ್ಲಿ ತುಸು ಗಟ್ಟಿ. ಬೂದು ಮಿಶ್ರಿತ ಕಂದು ಮೈ, ನೆಟ್ಟಗೆ ನಿಂತ ದೊಡ್ಡ ಕಿವಿ, ಓಡುವಾಗಲೂ ಕೆಳಕ್ಕೇ ಇಳಿಬಿದ್ದಿರುವ ಪೊದೆಯಂಥ ಬಾಲ ಇದರ ಗುರುತುಗಳು. 1804ರಲ್ಲಿ ಮಿಸ್ಸೌರಿ ನದಿಯ ಜಾಡು ಹಿಡಿದು ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ಇದನ್ನು ಹುಲ್ಲುಗಾವಲಿನ ತೋಳವೆಂದು ಕರೆದರು. 1823ರಲ್ಲಿ ಥಾಮಸ್ ಸೇ ಎಂಬ ನಿಸರ್ಗವಿಜ್ಞಾನಿ ಇದಕ್ಕೆ ಕೊಟ್ಟ ‘ಕೇನಿಸ್ ಲೇಟ್ರಾನ್ಸ್’ ಎಂಬ ಲ್ಯಾಟಿನ್ ಹೆಸರಿಗೆ ಬೊಗಳುವ ನಾಯಿ ಎಂದರ್ಥ. ಹೀಗೆ ಒಬ್ಬರು ತೋಳವೆಂದು, ಇನ್ನೊಬ್ಬರು ನಾಯಿಯೆಂದು ಕರೆದಾಗಿದ್ದ ಪ್ರಾಣಿಯನ್ನು ನರಿಯೆನ್ನುವುದೊಂದು ಬಾಕಿಯಿತ್ತು, ಅದನ್ನು ಕನ್ನಡಿಗರು ಪೂರೈಸಿದ್ದಾರೆ. ಅದರ ನಿಜವಾದ ಹೆಸರು ಮಾತ್ರ ಇವರೆಲ್ಲರಿಗಿಂತ ಹಳೆಯದು: ಮೆಕ್ಸಿಕೋದ ಆಸ್ಟೆಕರ ನಾಹುವಾತ್ಲ್ ಭಾಷೆಯ ‘ಕೊಯೊತ್ಲ್’ ಎಂಬ ಶಬ್ದ ಸ್ಪ್ಯಾನಿಷಿನ ಬಾಯಿಗೆ ಬಿದ್ದು, ಅಲ್ಲಿಂದ ಇಂಗ್ಲಿಷಿಗೆ ದಾಟಿತು. ಮೆಕ್ಸಿಕೋ ನಗರದ ಕೊಯೊಅಕಾನ್ ಎಂಬ ಬಡಾವಣೆಯ ಹೆಸರಿಗೆ ಕಯೋಟಿಗಳ ಠಾವು ಎಂದೇ ಅರ್ಥ. ವಸತಿ ಪ್ರದೇಶಕ್ಕೆ ಕಯೋಟಿ ನುಗ್ಗಿತು ಎಂಬ ದೂರು ಆ ಬಡಾವಣೆಯ ಮಟ್ಟಿಗಾದರೂ ತಿರುಗುಮುರುಗಾಗಿದೆ.

ಇಷ್ಟಕ್ಕೂ ‘ನರಿ’ ಎಂಬ ಮಾತಾದರೂ ಕನ್ನಡದಲ್ಲಿ ಖಚಿತವಾದ ಒಂದೇ ಪ್ರಾಣಿಯನ್ನು ಹೇಳುತ್ತದೆಯೇ ಎಂದು ಕೇಳಿದರೆ ದೂರುವವರ ಕಾಲ ಕೆಳಗಿನ ನೆಲವೇ ಜಾರತೊಡಗುತ್ತದೆ. ಪಂಚತಂತ್ರದ ಕರಟಕ ದಮನಕರು ನರಿಗಳು. ಎಟುಕದ ದ್ರಾಕ್ಷಿಯನ್ನು ಹುಳಿಯೆಂದು ಬಿಟ್ಟುಹೋದ ಈಸೋಪನ ಪ್ರಾಣಿಯೂ ಶಾಲೆಯ ಪುಸ್ತಕದಲ್ಲಿ ನರಿಯೇ. ಮೊದಲನೆಯದು ರಾತ್ರಿಯಲ್ಲಿ ಸಾಲುಗಟ್ಟಿ ಊಳಿಡುವ ಜಾತಿ, ಎರಡನೆಯದು ಒಂಟಿಯಾಗಿ ಬೇಟೆಯಾಡುವ ಬೇರೆಯೇ ಪಂಗಡ. ಗುಳ್ಳೆನರಿ ಇವೆರಡರಲ್ಲಿ ಯಾವುದೆಂಬುದಕ್ಕೆ ಊರಿಗೊಂದು ಉತ್ತರವಿದೆ. ಮೋಸಕ್ಕೆ ನರಿಬುದ್ಧಿ ಎಂದು ಬೈಯುವ ಬಾಯಿಯೇ, ಅನಿರೀಕ್ಷಿತವಾಗಿ ಅದೃಷ್ಟ ಖುಲಾಯಿಸಿದವರನ್ನು ಬೆಳಗ್ಗೆ ನರಿಯ ಮುಖ ನೋಡಿ ಎದ್ದವರೆಂದು ಕರೆಯುತ್ತದೆ. ಒಂದೇ ಮುಖವನ್ನು ಆರೋಪಿಯ ಕಟಕಟೆಯಲ್ಲೂ ಶುಭಶಕುನದ ಪೀಠದಲ್ಲೂ ಕೂರಿಸಿದ ಭಾಷೆಗೆ ಕಯೋಟಿಯನ್ನು ಅದೇ ಹೆಸರಿನಡಿ ಸೇರಿಸಿಕೊಳ್ಳುವುದು ಕಷ್ಟವಾಗಬೇಕಾಗಿರಲಿಲ್ಲ, ಆಗಲೂ ಇಲ್ಲ.

ಕಥೆಗಳ ದಾರಿಯಲ್ಲಿ ನೋಡಿದರಂತೂ ಈ ಎರಡು ಪ್ರಾಣಿಗಳ ದಾಯಾದಿತನ ಇನ್ನೂ ಗಟ್ಟಿಯಾಗುತ್ತದೆ. ಕರಟಕ ದಮನಕರು ಅರಮನೆಯ ಅಧಿಕಾರ ಕಳೆದುಕೊಂಡ ಮಂತ್ರಿಮಕ್ಕಳು, ಅಂದರೆ ಮೂಲತಃ ಮರುನೇಮಕಕ್ಕಾಗಿ ಕಾದು ಕುಳಿತ ನೌಕರರು. ಅವರ ಕುತಂತ್ರವೆಲ್ಲ ಸಿಂಹದ ಆಸ್ಥಾನದ ಸುತ್ತಲೇ ಗಿರಕಿ ಹೊಡೆಯುತ್ತದೆ. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ಕನ್ನಡಕ್ಕೆ ತರುವುದಕ್ಕೂ ಎಷ್ಟೋ ಮೊದಲೇ ಆ ಜೋಡಿ ಅರಬ್ಬಿಗೆ ಹೋಗಿ, ಎಂಟನೆಯ ಶತಮಾನದ ಇಬ್ನ್ ಅಲ್ ಮುಕಫ್ಫನ ಕೈಯಲ್ಲಿ ಕಲೀಲ ಮತ್ತು ದಿಮ್ನ ಎಂಬ ಹೆಸರು ಪಡೆದಿತ್ತು. ಅಟ್ಲಾಂಟಿಕ್ ದಾಟಿದ ಯಾವ ಪುಸ್ತಕದ ನೆರವೂ ಇಲ್ಲದೆ ಅಮೆರಿಕದ ಮೂಲನಿವಾಸಿಗಳು ತಮ್ಮ ನೆಲದ ಪ್ರಾಣಿಗೂ ಇದೇ ಜಾಣತನವನ್ನು ಆರೋಪಿಸಿದರು. ಉತ್ತರ ಕ್ಯಾಲಿಫೋರ್ನಿಯಾದ ಕರೂಕ್ ಜನರ ಕಥೆಯಲ್ಲಿ ಮನುಷ್ಯರಿಗಾಗಿ ಬೆಂಕಿ ಕದ್ದು ತಂದದ್ದು ಕಯೋಟಿ. ಆದರೆ ಈ ಕಯೋಟಿಗೆ ಸೇವೆ ಸಲ್ಲಿಸಲು ರಾಜನಿಲ್ಲ, ಬಡ್ತಿಯ ಆಸೆಯಿಲ್ಲ. ಅದು ಒಮ್ಮೆ ಲೋಕವನ್ನು ತಿದ್ದುತ್ತದೆ, ಮರುಗಳಿಗೆ ಹೊಟ್ಟೆಬಾಕತನದಿಂದ ತಾನೇ ಹಳ್ಳಕ್ಕೆ ಬೀಳುತ್ತದೆ, ಸತ್ತರೂ ಮೈಕೊಡವಿ ಎದ್ದು ಹೊರಡುತ್ತದೆ. 1949ರಲ್ಲಿ ಚಕ್ ಜೋನ್ಸ್ ಎಂಬ ವ್ಯಂಗ್ಯಚಿತ್ರ ನಿರ್ದೇಶಕ ತೆರೆಗೆ ತಂದ ವೈಲ್ ಇ. ಕಯೋಟಿಯು ರೋಡ್ ರನ್ನರ್ ಎಂಬ ಹಕ್ಕಿಯನ್ನು ಅಟ್ಟಿಸಿಕೊಂಡು ಹೋಗಿ ಪ್ರಪಾತಕ್ಕೆ ಬಿದ್ದು, ಮುಂದಿನ ದೃಶ್ಯದಲ್ಲಿ ಮತ್ತೆ ಎದ್ದು ನಿಲ್ಲುವಾಗ ಮಕ್ಕಳು ನಕ್ಕದ್ದು ಆ ಹಳೆಯ ಕಥೆಗೇ.

ತೆರೆಯ ಮೇಲೆ ಹೀಗೆ ಬಿದ್ದು ಏಳುತ್ತಿದ್ದ ಕಾಲದಲ್ಲೇ ನೆಲದ ಮೇಲಿನ ಕಯೋಟಿಗಳು ವಿಷ ತಿಂದು ಸಾಯುತ್ತಿದ್ದವು, ಅವು ಏಳಲಿಲ್ಲ. ಕುರಿ ಸಾಕಣೆದಾರರ ದೂರಿಗೆ ಓಗೊಟ್ಟ ಅಮೆರಿಕದ ಒಕ್ಕೂಟ ಸರ್ಕಾರವು 1931ರ ಕಾಯ್ದೆಯೊಂದರ ಮೂಲಕ ಬೇಟೆಯಾಡುವ ಪ್ರಾಣಿಗಳ ನಿರ್ಮೂಲನವನ್ನು ತನ್ನ ಇಲಾಖೆಯೊಂದರ ಕೆಲಸವನ್ನಾಗಿ ಮಾಡಿಕೊಂಡಿತು. ಮೊದಲು ಸ್ಟ್ರಿಕ್ನಿನ್, ಆಮೇಲೆ 1080 ಎಂಬ ಸಂಖ್ಯೆಯನ್ನೇ ಹೆಸರಾಗಿಸಿಕೊಂಡ ವಿಷವನ್ನು ಸತ್ತ ದನಕುರಿಗಳ ಮಾಂಸಕ್ಕೆ ಸೇರಿಸಿ ಬಯಲುಗಳಲ್ಲಿ ಇಡಲಾಯಿತು. ಸರ್ಕಾರಿ ಭೂಮಿಯಲ್ಲಿ ಇಂಥ ವಿಷಪ್ರಯೋಗಕ್ಕೆ 1972ರಲ್ಲಿ ಅಧ್ಯಕ್ಷ ನಿಕ್ಸನ್ ತಡೆ ಹಾಕಿದರೂ ಗುಂಡು ಮತ್ತು ಬಲೆಗಳ ಕೆಲಸ ನಿಲ್ಲಲಿಲ್ಲ. 2021ರ ಒಂದೇ ವರ್ಷದಲ್ಲಿ ಆ ಇಲಾಖೆಯ ಲೆಕ್ಕದಲ್ಲೇ ಸುಮಾರು 64 ಸಾವಿರ ಕಯೋಟಿಗಳು ಕೊಲ್ಲಲ್ಪಟ್ಟವು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆ ಅಲ್ಲಿ ತೋಳದ ಮಟ್ಟಿಗೆ ಅಕ್ಷರಶಃ ನಿಜವಾಯಿತು, ಕಯೋಟಿ ಮಾತ್ರ ಆ ಕಲ್ಲುಗಳ ರಾಶಿಯನ್ನೇ ಮೆಟ್ಟಿಲು ಮಾಡಿಕೊಂಡು ಮೇಲೆ ಬಂದಿತು. ತನ್ನನ್ನು ಕೊಂದು ಹದ್ದುಬಸ್ತಿನಲ್ಲಿಡುತ್ತಿದ್ದ ತೋಳ ಇಲ್ಲವಾದಂತೆ, ಹುಲ್ಲುಗಾವಲು ಮತ್ತು ಒಣನಾಡುಗಳ ಈ ಪ್ರಾಣಿ ಅಲಾಸ್ಕದಿಂದ ಪನಾಮದವರೆಗೆ, ಪೆಸಿಫಿಕ್ಕಿನಿಂದ ಅಟ್ಲಾಂಟಿಕ್ ತೀರದವರೆಗೆ ಹರಡಿತು. ಗುಂಪಿನ ಹಿರಿಯ ಜೋಡಿಯನ್ನು ಕೊಂದರೆ ಉಳಿದವು ಚದುರಿ ಹೊಸ ಜೋಡಿಗಳಾಗುತ್ತವೆ. ಸಂಖ್ಯೆ ಇಳಿದು ಆಹಾರ ಹೆಚ್ಚಿದಲ್ಲಿ ಬದುಕಿ ಉಳಿಯುವ ಮರಿಗಳೂ ಹೆಚ್ಚುತ್ತವೆ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ 1995ರಲ್ಲಿ ತೋಳಗಳನ್ನು ಮರಳಿ ತಂದುಬಿಟ್ಟಾಗ ಅದರ ಉತ್ತರ ಭಾಗದ ಕಯೋಟಿಗಳು ಕೆಲವೇ ವರ್ಷಗಳಲ್ಲಿ ಅರ್ಧದಷ್ಟಾದವು. ಇಲಾಖೆಯು ದಶಕಗಳ ಕಾಲ ವಿಷದಿಂದ ಸಾಧಿಸಲಾಗದ್ದನ್ನು ಬೆರಳೆಣಿಕೆಯ ತೋಳಗುಂಪುಗಳು ಸಂಬಳ ಭತ್ಯೆಗಳಿಲ್ಲದೆ ಮಾಡಿ ಮುಗಿಸಿದವು.

ಫ್ರೀಮಾಂಟಿನ ಹಿತ್ತಲಿಗೆ ತೋಳ ತಂದುಬಿಡುವುದು ಸಾಧ್ಯವಿಲ್ಲವಾದ್ದರಿಂದ ಅಲ್ಲಿ ತೋಳದ ಕೆಲಸವನ್ನು ಮನೆಯವರೇ ಮಾಡಬೇಕಾಗಿದೆ. ಇದಕ್ಕೆ ಅಲ್ಲಿನ ಅಧಿಕಾರಿಗಳು ಬಳಸುವ ಮಾತು ‘ಹೇಜಿಂಗ್’. ಕಾಲೇಜುಗಳಲ್ಲಿ ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಕೊಡುವ ಕಿರುಕುಳಕ್ಕೂ ಅಮೆರಿಕದಲ್ಲಿ ಇದೇ ಪದವಿದ್ದು, ಕಯೋಟಿಯ ವಿಷಯದಲ್ಲಿ ಮಾತ್ರ ಅದು ಶಿಕ್ಷಾರ್ಹವಲ್ಲ. ಎದುರಾದ ಪ್ರಾಣಿಗೆ ಬೆನ್ನು ತೋರಿಸಿ ಓಡದೆ, ಕೈಗಳನ್ನೆತ್ತಿ ಮೈಯನ್ನು ದೊಡ್ಡದು ಮಾಡಿಕೊಂಡು, ಅದರ ಕಣ್ಣನ್ನೇ ನೋಡುತ್ತ ಗಟ್ಟಿಯಾಗಿ ಗದರುವುದು, ಪಾತ್ರೆ ಬಡಿಯುವುದು, ಚಿಲ್ಲರೆ ತುಂಬಿದ ಡಬ್ಬ ಅಲ್ಲಾಡಿಸುವುದು, ಅದು ಹೋಗುವ ತನಕ ನಿಲ್ಲಿಸದಿರುವುದು ಇದರ ಕ್ರಮ. ಅಟ್ಟಣೆಯ ಮೇಲೆ ಕೂತು ತಗಡು ಬಡಿದು ಬೆಳೆ ಕಾದವರ ಮೊಮ್ಮಕ್ಕಳಿಗೆ ಇದನ್ನು ಬಣ್ಣದ ಕರಪತ್ರದಲ್ಲಿ ಅಚ್ಚು ಹಾಕಿಸಿ ಕಲಿಸಬೇಕಾಗಿ ಬಂದಿರುವುದು ಕಾಲದ ಮಹಿಮೆ. ‘ಹಚಾ’ ಎಂದು ಗದರಿದರೂ ಸಾಕು, ಕಯೋಟಿಗೆ ಭಾಷಾಭಿಮಾನವಿಲ್ಲ. ಆದರೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಮರಿ ಹಾಕುವ ಪ್ರಾಣಿಯು ಗೂಡಿನ ಬಳಿ ನಾಯಿ ಹಿಡಿದು ನಡೆಯುವವರ ಹಿಂದೆಯೇ ಬರುವುದು ಬೇಟೆಗಲ್ಲ, ಗಡಿ ದಾಟಿಸಿ ಬಿಡುವುದಕ್ಕೆ. ಆಗ ಗದರುವುದಕ್ಕಿಂತ ಚಿಕ್ಕ ಮಗುವನ್ನೋ ಪುಟ್ಟ ನಾಯಿಯನ್ನೋ ಎತ್ತಿಕೊಂಡು, ಬೆನ್ನು ತಿರುಗಿಸದೆ ನಿಧಾನವಾಗಿ ಆ ಜಾಗ ಬಿಡುವುದೇ ವಿವೇಕ.

ಭಯಕ್ಕೂ ಒಂದು ಅಳತೆ ಬೇಕು. ಅಮೆರಿಕ ಮತ್ತು ಕೆನಡಾಗಳಲ್ಲಿ ಕಯೋಟಿಗಳಿಂದ ಮನುಷ್ಯರು ಸತ್ತ ದಾಖಲಾದ ಪ್ರಕರಣಗಳು ಎರಡು: 1981ರಲ್ಲಿ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ ಮೂರು ವರ್ಷದ ಮಗು, 2009ರಲ್ಲಿ ಕೆನಡಾದ ಕೇಪ್ ಬ್ರೆಟನ್‌ನಲ್ಲಿ ಒಬ್ಬ ಯುವತಿ. ರಾತ್ರಿ ಹತ್ತಾರು ಪ್ರಾಣಿಗಳು ಮನೆಯನ್ನು ಸುತ್ತುವರಿದಂತೆ ಕೇಳುವ ಊಳು ಬಹಳ ಸಲ ಎರಡೇ ಗಂಟಲುಗಳು ದನಿ ಬದಲಿಸುತ್ತ ಹಾಡಿದ ಜುಗಲ್‌ಬಂದಿ. ಷಿಕಾಗೋ ಸುತ್ತಲಿನ ಕುಕ್ ಕೌಂಟಿಯಲ್ಲಿ 2000ದಿಂದ ಸ್ಟ್ಯಾನ್ಲಿ ಗರ್ಟ್ ಎಂಬ ಜೀವವಿಜ್ಞಾನಿ ಮತ್ತು ಅವರ ಸಂಗಡಿಗರು ಕಯೋಟಿಗಳಿಗೆ ರೇಡಿಯೋ ಪಟ್ಟಿ ತೊಡಿಸಿ ನಡೆಸುತ್ತಿರುವ ಅಧ್ಯಯನವು, ನಗರದ ಕಯೋಟಿಗಳು ಹಗಲನ್ನು ಮನುಷ್ಯರಿಗೆ ಬಿಟ್ಟುಕೊಟ್ಟು ರಾತ್ರಿಯನ್ನು ಆರಿಸಿಕೊಂಡಿರುವುದನ್ನು ತೋರಿಸಿದೆ. ಎಲ್ಲವೂ ಅಷ್ಟು ಸಂಕೋಚದವಲ್ಲ ಎಂಬುದೂ ನಿಜ. 2007ರ ಏಪ್ರಿಲ್‌ನಲ್ಲಿ ಷಿಕಾಗೋ ನಗರದ ನಡುಮಧ್ಯದ ಸ್ಯಾಂಡ್‌ವಿಚ್ ಅಂಗಡಿಯೊಂದಕ್ಕೆ ಹಾಡಹಗಲೇ ನಡೆದುಬಂದ ಕಯೋಟಿ, ತಂಪು ಪಾನೀಯಗಳ ಪೆಟ್ಟಿಗೆಯಲ್ಲಿ ಬಾಟಲಿಗಳ ಪಕ್ಕ ಮಲಗಿಕೊಂಡಿತ್ತು, ಹಣ ಕೊಡದ ಗಿರಾಕಿ ಎಂಬುದನ್ನು ಬಿಟ್ಟರೆ ಅದರಿಂದ ಬೇರೆ ತೊಂದರೆಯಾಗಲಿಲ್ಲ.

ತೊಂದರೆ ಶುರುವಾಗುವುದು ಅನ್ನದಿಂದ. ಉಂಡು ಮಿಕ್ಕದ್ದನ್ನು ಬಾಗಿಲ ನಾಯಿಗೆ, ಎಡೆಯ ಅನ್ನವನ್ನು ಕಾಗೆಗೆ ಹಾಕುವುದನ್ನೇ ಧರ್ಮವೆಂದು ನಂಬಿ ಬೆಳೆದು, ಮಗಳ ಬಾಣಂತನಕ್ಕೆ ಆರು ತಿಂಗಳ ಮಟ್ಟಿಗೆ ಬಂದಿಳಿದ ಅಜ್ಜಿಗೆ, ಕ್ಯಾಲಿಫೋರ್ನಿಯಾದಲ್ಲಿ ಕಾಡುಪ್ರಾಣಿಗೆ ಬೇಕೆಂದೇ ಆಹಾರ ಹಾಕುವುದು ಕಾನೂನಿಗೆ ವಿರುದ್ಧ ಎಂಬ ಸಂಗತಿಯನ್ನು ಯಾವ ಬಾಯಲ್ಲಿ ಹೇಳುವುದು ಎಂಬ ಪ್ರಶ್ನೆಗೆ ಯಾವ ಕರಪತ್ರದಲ್ಲೂ ಉತ್ತರವಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕಾಗೆಗೆಂದು ಇಟ್ಟ ತುತ್ತು, ಬೆಕ್ಕಿನ ಬಟ್ಟಲಲ್ಲಿ ರಾತ್ರಿಯಿಡೀ ಉಳಿದ ಆಹಾರ, ಹಕ್ಕಿಗಳಿಗೆ ತೂಗುಹಾಕಿದ ಕಾಳಿನಿಂದ ಉದುರಿದ್ದನ್ನು ಹುಡುಕಿ ಬರುವ ಇಲಿಗಳು, ಇವೆಲ್ಲ ಕಯೋಟಿಗೆ ಒಂದೇ ಪಾಠ ಕಲಿಸುತ್ತವೆ: ಈ ಮನೆಯವರಿಗೆ ಹೆದರಬೇಕಾಗಿಲ್ಲ. ಆ ಪಾಠ ಕಲಿತ ಪ್ರಾಣಿಯೇ ಮುಂದೆ ಬೆಕ್ಕನ್ನು ಒಯ್ಯುವುದು, ಅಪರೂಪಕ್ಕೆ ಮಗುವಿನ ಕಾಲಿಗೂ ಬಾಯಿ ಹಾಕುವುದು, ಕೊನೆಗೆ ಇಲಾಖೆಯವರ ಗುಂಡಿಗೆ ಬಲಿಯಾಗುವುದು. ಬೇರೆ ಕಾಡಿಗೆ ಸಾಗಿಸಿಬಿಡಬಹುದಲ್ಲ ಎಂಬ ಮೃದು ಮನಸ್ಸಿನವರ ಸಲಹೆಯೂ ನಡೆಯುವುದಿಲ್ಲ. ಸಾಗಿಸಿದ ಕಯೋಟಿ ಅಲ್ಲಿ ಮೊದಲೇ ನೆಲೆಸಿದವುಗಳಿಂದ ಅಟ್ಟಿಸಿಕೊಂಡು, ಹಳೆಯ ಜಾಗಕ್ಕೆ ಮರಳುವ ದಾರಿಯಲ್ಲಿ ಯಾವುದೋ ಹೆದ್ದಾರಿಯಲ್ಲಿ ಸಾಯುವುದೇ ಹೆಚ್ಚು.

ಹೆಸರಿನ ಚರ್ಚೆ ಸದ್ಯಕ್ಕೆ ಹಾಗೇ ಇರಲಿ, ನರಿಯೆಂದೇ ಕರೆಯಲಿ. ಹಿತ್ತಲಿನ ಮರದಡಿ ಉದುರಿದ ಅಂಜೂರದ ಹಣ್ಣುಗಳನ್ನು ಮಾತ್ರ ಇವತ್ತು ಕತ್ತಲಾಗುವ ಮುಂಚೆಯೇ ಆರಿಸಿ ಒಳಗಿಡಿ.