ಕಂಪ್ಯೂಟರ್‌ಗೂ ಮೊದಲು ಕ್ಯಾಮೆರಾದ ಫೈಲ್ ನೋಡಿ

ವಿಡಿಯೊ ಎಡಿಟಿಂಗ್‌ಗೆ ಕಂಪ್ಯೂಟರ್ ಕೊಳ್ಳಲು ಹೊರಟವರೆಲ್ಲ ಮೊದಲು ಕೇಳುವುದು ಗ್ರಾಫಿಕ್ಸ್ ಕಾರ್ಡ್ ಯಾವುದು ಎಂದು. ನಾನೂ ಅದನ್ನೇ ಕೇಳಿದೆ. ನನ್ನ ಕ್ಯಾಮೆರಾದ ಫೈಲನ್ನು ಈ ಯಂತ್ರದ ಯಾವ ಭಾಗ ಬಿಡಿಸಿ ತೋರಿಸುತ್ತದೆ ಎಂದು ಕೇಳಲಿಲ್ಲ. ಅದರಿಂದ ಒಂದು ಇಡೀ ತಿರುಗಾಟದ ಯಕ್ಷಗಾನ ದಾಖಲಾತಿ ಕಳಪೆಯಾಯಿತು.

ನಾನು ಚಿತ್ರೀಕರಿಸುವುದು ಬಯಲಾಟಗಳನ್ನು. ಬಣ್ಣದ ವೇಷದ ಕೆಂಪು, ಕಿರೀಟದ ಹೊನ್ನು ರಾತ್ರಿಯ ದೀಪದಲ್ಲೂ ನಿಜವಾಗಿ ಮೂಡಲಿ ಎಂದು ಕ್ಯಾಮೆರಾವನ್ನು 4ಕೆ, 10 ಬಿಟ್, 4:2:2 (4:2:0ಗಿಂತ ಹೆಚ್ಚು ಬಣ್ಣದ ವಿವರ ಉಳಿಸುವ ಬಗೆ), ಎಚ್.265ಕ್ಕೆ ಹೊಂದಿಸಿದ್ದೆ. ಕಂಪ್ಯೂಟರ್ ಅಂಗಡಿಯಲ್ಲಿ ಇಂಟೆಲ್ ಐ5-12400ಎಫ್ ಪ್ರೊಸೆಸರ್, ಆರ್‌ಟಿಎಕ್ಸ್ 3060 ಕಾರ್ಡ್ ಆರಿಸಿಕೊಂಡೆ. 'ಎಫ್' ಇಲ್ಲದ 12400ಕ್ಕಿಂತ ಇದು ಅಗ್ಗವಾಗಿತ್ತು. ಉಳಿದ ದುಡ್ಡನ್ನು ಕಾರ್ಡಿಗೆ ಹಾಕಿದ್ದು ಜಾಣತನ ಎಂದೇ ನಂಬಿದ್ದೆ.

ಟೈಮ್‌ಲೈನ್ ಮೇಲೆ ಮೊದಲ ಆಟ ಇಟ್ಟಾಗ ಭಾಗವತರ ಪದ, ಚೆಂಡೆಯ ಪೆಟ್ಟು ಸರಾಗವಾಗಿ ಕೇಳುತ್ತಿದ್ದವು. ತೆರೆಯ ಮೇಲಿನ ವೇಷ ಮಾತ್ರ ಗಿರಕಿಯ ನಡುವೆ ನಿಂತುಬಿಡುತ್ತಿತ್ತು, ಮತ್ತೆಲ್ಲೋ ಜಿಗಿಯುತ್ತಿತ್ತು. ರ‍್ಯಾಮ್ ಸಾಲದೇನೋ ಎಂದು 16 ಜಿಬಿಯನ್ನು 32ಕ್ಕೆ ಏರಿಸಿದೆ. ಎಸ್‌ಎಸ್‌ಡಿ ಬದಲಿಸಿದೆ. ಸೆಕೆಂಡಿಗೆ 100 ಮೆಗಾಬಿಟ್‌ನ ಫೈಲ್ ಎಂದರೆ ಗಂಟೆಗೆ 45 ಜಿಬಿ, ಸೆಕೆಂಡಿಗೆ ಹನ್ನೆರಡೂವರೆ ಎಂಬಿ. ಅಷ್ಟನ್ನು ಹಳೆಯ ಹಾರ್ಡ್‌ಡಿಸ್ಕೂ ಕೊಡಬಲ್ಲದು ಎಂಬ ಲೆಕ್ಕ ಆಗ ಹಾಕಲೇ ಇಲ್ಲ.

ಕೊನೆಗೆ ಟಾಸ್ಕ್ ಮ್ಯಾನೇಜರ್ ತೆರೆದೆ. ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತಿದೆ. ಕಾರ್ಡಿನ 'ವಿಡಿಯೊ ಡಿಕೋಡ್' ಗೆರೆ ಸೊನ್ನೆಯಲ್ಲಿ ಮಲಗಿದೆ. ಎಚ್.265 ಪ್ರತಿ ಫ್ರೇಮನ್ನೂ ಪೂರ್ತಿ ಉಳಿಸುವುದಿಲ್ಲ, ಹೆಚ್ಚಿನವುಗಳಲ್ಲಿ ಅಕ್ಕಪಕ್ಕದ ಫ್ರೇಮಿಗಿಂತ ಬದಲಾದದ್ದನ್ನಷ್ಟೇ ಬರೆದಿಡುತ್ತದೆ. ಒಂದು ಫ್ರೇಮ್ ತೋರಿಸಲು ಹಲವನ್ನು ಬಿಡಿಸಬೇಕು. ಫ್ರೇಮ್ ಒಂದಕ್ಕೆ 3840 × 2160, ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್. ಫುಲ್ ಎಚ್‌ಡಿಯ ನಾಲ್ಕರಷ್ಟು. ಈ ಕೆಲಸಕ್ಕೆಂದೇ ಚಿಪ್‌ನೊಳಗೆ ಪ್ರತ್ಯೇಕ ಡಿಕೋಡರ್ ಇರುತ್ತದೆ. 3060ರ ಡಿಕೋಡರ್‌ಗೆ 4:2:2 ಗೊತ್ತಿಲ್ಲ. ಇಂಟೆಲ್‌ನ ಒಳಗ್ರಾಫಿಕ್ಸ್‌ನಲ್ಲಿರುವ ಕ್ವಿಕ್ ಸಿಂಕ್ ಡಿಕೋಡರ್‌ಗೆ ಗೊತ್ತು. 'ಎಫ್' ಎಂದರೆ ಆ ಒಳಗ್ರಾಫಿಕ್ಸ್ ಇಲ್ಲ ಎಂದೇ ಅರ್ಥ. ನನಗೆ ಬೇಕಿದ್ದ ಒಂದೇ ಭಾಗವನ್ನು ಉಳಿತಾಯದ ಹೆಸರಲ್ಲಿ ನಾನೇ ಬಿಟ್ಟು ಬಂದಿದ್ದೆ.

ಇದು ಗೊತ್ತಾಗುವ ಮೊದಲೇ ದೊಡ್ಡ ನಷ್ಟವಾಗಿತ್ತು. ಕಂಪ್ಯೂಟರ್ ಎಳೆಯುತ್ತಿಲ್ಲವೆಂದು ಕ್ಯಾಮೆರಾವನ್ನೇ 8 ಬಿಟ್, 4:2:0ಕ್ಕೆ ಇಳಿಸಿ ತಿರುಗಾಟ ಮುಗಿಯುವ ಪತ್ತನಾಜೆಯವರೆಗೂ ಚಿತ್ರೀಕರಿಸಿದೆ. ಪ್ರತಿ ಬಣ್ಣಕ್ಕೆ 1024 ಹಂತಗಳಿದ್ದಲ್ಲಿ 256 ಉಳಿದವು. ಇಂದು ಆ ಆಟಗಳ ಬಣ್ಣ ತಿದ್ದಲು ಕೂತರೆ ಮುಖದ ಕೆಂಪು ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. ಕಂಪ್ಯೂಟರನ್ನು ಬದಲಿಸಬಹುದು, ಆ ರಾತ್ರಿಗಳನ್ನು ಮತ್ತೆ ಆಡಿಸಲಾಗದು.

ದಾರಿ ಆಗಲೂ ಇತ್ತು. ರಿಸಾಲ್ವ್, ಪ್ರೀಮಿಯರ್ ಎಂಬ ಎಡಿಟಿಂಗ್ ಸಾಫ್ಟ್‌ವೇರುಗಳೆರಡರಲ್ಲೂ ಪ್ರಾಕ್ಸಿ ಸೌಲಭ್ಯವಿದೆ: ಮೂಲ ಫೈಲಿನ ಹಗುರ ಪ್ರತಿ ಮಾಡಿಕೊಂಡು ಅದರಲ್ಲಿ ಕತ್ತರಿಸಿ ಜೋಡಿಸುವುದು, ಕೊನೆಗೆ ಮೂಲದಿಂದಲೇ ವಿಡಿಯೊ ಹೊರತೆಗೆಯುವುದು. ಅದು ಹಳೇ ಯಂತ್ರದವರ ಪಾಡು ಎಂದು ನಾನು ತಿರುಗಿಯೂ ನೋಡಿರಲಿಲ್ಲ. ಅದೇ ಮದರ್‌ಬೋರ್ಡಿಗೆ 12400 ಕೂರಿಸಿ, ಬಯೋಸ್‌ನಲ್ಲಿ ಒಳಗ್ರಾಫಿಕ್ಸ್ ಚಾಲೂ ಮಾಡಿದ ಮೇಲೆ ಅವೇ ಮೂಲ ಫೈಲುಗಳು ಸಲೀಸಾಗಿ ಓಡಿದವು.

ಕಡಿಮೆ ದುಡ್ಡಿನಲ್ಲಿ ಕೊಳ್ಳುವವರು ಮೊದಲು ಕ್ಯಾಮೆರಾದ ಕೋಡೆಕ್, ಬಿಟ್, 4:2:0ಯೋ 4:2:2ಓ ಎಂದು ಬರೆದಿಟ್ಟುಕೊಳ್ಳಿ. ಎಚ್.265ರ 4:2:2 ಆದರೆ ಒಳಗ್ರಾಫಿಕ್ಸ್ ಇರುವ ಹೊಸ ಇಂಟೆಲ್ ಅಥವಾ ಆಪಲ್‌ನ ಎಂ ಸರಣಿಯ ಮ್ಯಾಕ್ ಮಿನಿ ನೋಡಿ. ನಿಮ್ಮದೇ ಕ್ಲಿಪ್ಪನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ನೀವು ಬಳಸುವ ಸಾಫ್ಟ್‌ವೇರಿನಲ್ಲೇ ಅಂಗಡಿಯಲ್ಲಿ ಓಡಿಸಿ. ಓಡಿಸಲು ಬಿಡದ ಅಂಗಡಿಯಲ್ಲಿ ಮುಂಗಡ ಕೊಡಬೇಡಿ.