ಎಡಗಡೆಯ ಹೆಸರು, ಬಲಗಡೆಯ ಹೆಸರು

ಪಲ್ಲಾವರಂ ಎಂದೊಡನೆ ನಮ್ಮ ಸಂಘದ ಸದಸ್ಯರಿಗೆ ನೆನಪಾಗುವುದು ಶುಕ್ರವಾರದ ಸಂತೆ. ಹಳೆಯ ಫ್ಯಾನಿನಿಂದ ಹಿಡಿದು ಮಲ್ಲಿಗೆ ಸಸಿಯವರೆಗೆ ಅಲ್ಲಿ ಸಿಗದ ಪದಾರ್ಥವಿಲ್ಲ. ಆ ಸಂತೆಯ ಚೀಲವನ್ನು ಎಷ್ಟೋ ವರ್ಷಗಳಿಂದ ಹೊರುತ್ತಿರುವ ನನಗೆ, ಅದೇ ಚೀಲವನ್ನು ಮುಂದಿಟ್ಟುಕೊಂಡು ಗಣಕದ ಪಾಠ ಹೇಳಿದವಳು ನನ್ನ ಮಗಳು. ತೊರೈಪಾಕ್ಕಂ ಕಡೆ ಒಂದು ಕಂಪನಿಯಲ್ಲಿ ಅವಳಿಗೆ ಕೆಲಸ. ಹೆರಿಗೆಗೆಂದು ಮನೆಗೆ ಬಂದವಳು ಸುಮ್ಮನೆ ಕೂರಲಾರದೆ, ಸಿರುಸೇರಿಯ ಚೆನ್ನೈ ಗಣಿತ ಸಂಸ್ಥೆಯ ಪ್ರಾಧ್ಯಾಪಕರಾದ ಮಾಧವನ್ ಮುಕುಂದ್ ಮತ್ತು ಎಸ್.ಪಿ. ಸುರೇಶ್ ಅವರ ಹ್ಯಾಸ್ಕೆಲ್ ಪಾಠಗಳನ್ನು ನೋಡುತ್ತಿದ್ದಳು. ಪಕ್ಕದಲ್ಲಿ ಕಾಫಿ ಹಿಡಿದು ಕುಳಿತ ನನ್ನ ಕಿವಿಗೂ ಅಷ್ಟಿಷ್ಟು ಬಿತ್ತು.

ಹ್ಯಾಸ್ಕೆಲ್ ಎಂಬುದು ಗಣಕಕ್ಕೆ ಕ್ರಮವಿಧಿ ಬರೆಯುವ ಒಂದು ಭಾಷೆ. ಅದರ ಮೊದಲ ವರದಿ ಹೊರಬಂದುದು 1990ರಲ್ಲಿ. ಈ ಜಾತಿಯ ಭಾಷೆಗಳಲ್ಲಿ ಕೆಲಸವೆಲ್ಲ ಫಂಕ್ಷನ್‌ಗಳದು. ಫಂಕ್ಷನ್ ತನಗೆ ಕೊಟ್ಟದ್ದನ್ನು ನೋಡಿ ಹೊಸದೊಂದನ್ನು ಕೊಡುತ್ತದೆಯೇ ಹೊರತು, ಕೊಟ್ಟದ್ದನ್ನು ಕೆಡಿಸುವುದಿಲ್ಲ. ಎರಡು ಮೂರು ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಳಿಸಬೇಕಾದರೆ ಕಂಸದೊಳಗೆ ಅಲ್ಪವಿರಾಮ ಹಾಕಿ ಬರೆಯುತ್ತಾರೆ: (ತೆಂಗಿನಕಾಯಿ, 35). ಇದಕ್ಕೆ ಟ್ಯೂಪಲ್ ಎಂದು ಹೆಸರು. ಯಾವುದು ಏನೆಂದು ಹೇಳುವ ಚೀಟಿ ಗಂಟಿನ ಮೇಲೆ ಇರುವುದಿಲ್ಲ. ಕುಳಿತ ಜಾಗವೇ ಗುರುತು.

ಗಂಟು ಬಿಚ್ಚಲು ಕೆಲವು ಕೈಯಾಳುಗಳುಂಟು. ಎಫ್‌ಎಸ್‌ಟಿ ಎಂದರೆ ಎಡಗಡೆಯದನ್ನು ಕೊಡುತ್ತದೆ, ಎಸ್‌ಎನ್‌ಡಿ ಎಂದರೆ ಬಲಗಡೆಯದನ್ನು. ಸೆಕೆಂಡ್ ಎಂದು ಪೂರ್ತಿ ಬರೆದರೆ ಅದು ಬೇರೆಯ ಆಳು: ಬಲಗಡೆಯದರ ಮೇಲೆ ಮಾತ್ರ ಕೈಯಾಡಿಸಿ, ಎಡಗಡೆಯದನ್ನು ಇದ್ದ ಹಾಗೆಯೇ ಇಟ್ಟು ಹೊಸ ಗಂಟು ಕಟ್ಟುತ್ತದೆ. ಹಬ್ಬದ ಹಿಂದಿನ ದಿನ ವ್ಯಾಪಾರಿಗಳು ಮಾಡುವುದೂ ಇದನ್ನೇ, ಕಾಯಿ ಅದೇ, ಬೆಲೆ ಮಾತ್ರ ಬೇರೆ. ಜಿಪ್ ಎಂಬುದು ಎರಡು ಪಟ್ಟಿಗಳನ್ನು ಚೀಲದ ಜಿಪ್ಪಿನಂತೆ ಹಲ್ಲಿಗೆ ಹಲ್ಲು ಕೂಡಿಸಿ ಜೋಡಿಗಳನ್ನು ಮಾಡುತ್ತದೆ. ನನ್ನಾಕೆಯ ಪಟ್ಟಿಯಲ್ಲಿ ಹನ್ನೆರಡು ಸಾಮಾನು, ನನ್ನ ಚೀಟಿಯಲ್ಲಿ ಹನ್ನೊಂದೇ ಬೆಲೆ ಇದ್ದರೆ, ಹನ್ನೆರಡನೆಯ ಸಾಮಾನನ್ನು ಜಿಪ್ ಸದ್ದಿಲ್ಲದೆ ಕೈಬಿಡುತ್ತದೆ. ನನ್ನಾಕೆ ಹಾಗೆ ಬಿಡುವವಳಲ್ಲ.

ಕರಿ ಎಂಬ ಇನ್ನೊಂದುಂಟು. ಅಡಿಗೆಮನೆಯ ಕರಿ ಅಲ್ಲ. ಜೋಡಿಯನ್ನು ಒಟ್ಟಿಗೆ ಕೇಳುವ ಫಂಕ್ಷನ್ನನ್ನು, ಒಂದಾದ ಮೇಲೊಂದರಂತೆ ಕೇಳುವಂತೆ ಅದು ಮಾರ್ಪಡಿಸಿ ಕೊಡುತ್ತದೆ. ಅನ್‌ಕರಿ ಅದರ ಹಿಮ್ಮುಖ. ಅಮೆರಿಕದ ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ (1900–1982) ಅವರ ಹೆಸರಿನ ಎಡಗಡೆ ಭಾಷೆಗೆ ಹೋಯಿತು, ಬಲಗಡೆ ಈ ಫಂಕ್ಷನ್ನಿಗೆ. ಈ ಉಪಾಯವನ್ನು ಅವರಿಗಿಂತ ಮೊದಲೇ, 1924ರ ಲೇಖನದಲ್ಲಿ ತಿಳಿಸಿದ್ದ ಮೋಸೆಸ್ ಶೋನ್‌ಫಿಂಕೆಲ್ ಅವರ ಹೆಸರಿನ ಯಾವ ಭಾಗವೂ ಭಾಷೆಗಾಗಲಿ ಈ ಫಂಕ್ಷನ್ನಿಗಾಗಲಿ ಹೋಗಲಿಲ್ಲ. ಉಚ್ಚಾರಣೆ ಕಷ್ಟವೆಂದಿರಬಹುದು.

ಹೆಸರಿನ ಮಾತು ಬಂದಾಗ ನನ್ನ ಕಿವಿ ನೆಟ್ಟಗಾಯಿತು. ಕನ್ನಡಿಗರ ಹೆಸರುಗಳೇ ಟ್ಯೂಪಲ್‌ಗಳಲ್ಲವೆ? ಮಾಸ್ತಿ ವೆಂಕಟೇಶ ಅಯ್ಯಂಗಾರ್ ಎಂಬುದು ಊರು, ಹೆಸರುಗಳ ಜೋಡಿ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಎಂಬುದು ಊರು, ತಂದೆ, ಹೆಸರು ಸೇರಿದ ಮೂರರ ಗಂಟು. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಮೂರರಿಂದ ಮೊದಮೊದಲ ಅಕ್ಷರವನ್ನಷ್ಟೇ ಹೆಕ್ಕಿದರೆ ಕುವೆಂಪು. ಮಗಳಿಗೆ ಇದನ್ನು ಹೇಳಿದಾಗ, “ಸರಿ ಅಪ್ಪಾ, ಆದರೆ ಎಫ್‌ಎಸ್‌ಟಿ ಎರಡರ ಗಂಟಿಗೆ ಮಾತ್ರ. ಮೂರಿದ್ದರೆ ಅದು ಒಪ್ಪುವುದಿಲ್ಲ, ನಾವೇ ಬೇರೆ ಬರೆದುಕೊಳ್ಳಬೇಕು” ಎಂದಳು.

ನಮ್ಮದು ತುರುವೇಕೆರೆ. ಮಗಳ ಹೆಸರಿನ ಹಿಂದೆಯೂ, ಮಾಸ್ತಿಯವರಂತೆ, ಊರಿನ ಹೆಸರನ್ನು ಪೂರ್ತಿ ಇಟ್ಟಿದ್ದೆವು. ಕೆಲವು ವರ್ಷಗಳ ಹಿಂದೆ ಒಂದು ಪರೀಕ್ಷೆಯ ಅರ್ಜಿಯಲ್ಲಿ ಎರಡು ಚೌಕಗಳಿದ್ದವು: ಮೊದಲ ಹೆಸರು, ಕೊನೆಯ ಹೆಸರು. ಕಚೇರಿಯವರು ಬರೆದ ಕ್ರಮದಲ್ಲೇ ನಕಲು ಮಾಡಿಕೊಂಡು ಊರನ್ನು ಮೊದಲ ಚೌಕಕ್ಕೆ ಹಾಕಿದರು. “ಪ್ರಿಯ ತುರುವೇಕೆರೆ” ಎಂದು ಕಾಗದ ಬಂದಾಗ ಮನೆಯೆಲ್ಲ ನಕ್ಕೆವು. ಪರೀಕ್ಷೆಯ ಬಾಗಿಲಲ್ಲಿ ಮಾತ್ರ ನಗು ಬರಲಿಲ್ಲ. ಗುರುತಿನ ಚೀಟಿಯೇ ಬೇರೆ, ಪ್ರವೇಶಪತ್ರವೇ ಬೇರೆ ಎಂದು ತಡೆದರು. ಒಳಗೆ ಬಿಡುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಆ ವರ್ಷ ಅವಳಿಗೆ ಆ ಸೀಟು ದಕ್ಕಲಿಲ್ಲ.

ಜೋಡಿಯ ಎಡಬಲಗಳನ್ನು ಅದಲುಬದಲು ಮಾಡುವ ಸ್ವಾಪ್ ಎಂಬ ಫಂಕ್ಷನ್ನೂ ಇದೆಯೆಂದು ತಿಳಿದಾಗ ನಾನು ಕೇಳಿದೆ, “ಇಷ್ಟು ಬುದ್ಧಿವಂತ ಭಾಷೆ ಇಂಥ ಎಡವಟ್ಟನ್ನು ಹಿಡಿಯಲಾರದೆ?” ಅವಳು ಹೇಳಿದ ಉತ್ತರ ನನ್ನ ಮನಸ್ಸಿನಲ್ಲಿ ಉಳಿದಿದೆ. (ತೆಂಗಿನಕಾಯಿ, 35) ಬೇಕಾದಲ್ಲಿ (35, ತೆಂಗಿನಕಾಯಿ) ಎಂದು ಕೊಟ್ಟರೆ ಹ್ಯಾಸ್ಕೆಲ್ ಕ್ರಮವಿಧಿಯನ್ನು ಓಡಲೇ ಬಿಡುವುದಿಲ್ಲ. ಒಂದು ಅಕ್ಷರಗಳ ಸಾಲು, ಇನ್ನೊಂದು ಸಂಖ್ಯೆ. ಊರು ಮತ್ತು ಹೆಸರು ಎರಡೂ ಅಕ್ಷರಗಳ ಸಾಲುಗಳೇ ಆದುದರಿಂದ ತಿರುವುಮುರುವಾದರೂ ಅದಕ್ಕೆ ತಿಳಿಯದು. “ಅದಕ್ಕೇ ಅಪ್ಪಾ, ಮನೆಯೊಳಗೆ ಓಡಾಡುವುದಕ್ಕೆ ಟ್ಯೂಪಲ್ ಸಾಕು. ಪರಸ್ಥಳಕ್ಕೆ ಕಳಿಸುವುದಾದರೆ ಪ್ರತಿಯೊಂದಕ್ಕೂ ಹೆಸರಿನ ಚೀಟಿ ಅಂಟಿಸಿದ ರೆಕಾರ್ಡ್ ಮಾಡುತ್ತೇವೆ.”

ತುರುವೇಕೆರೆಯಲ್ಲಿ ನಮ್ಮ ಹೆಸರು ಕೇಳಿದವರಿಗೆ ಯಾವುದು ಊರು, ಯಾವುದು ಮನುಷ್ಯ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಇಲ್ಲಿಯ ಪದ್ಧತಿಯಲ್ಲಿ ತಂದೆಯ ಹೆಸರಿನ ಒಂದಕ್ಷರವೇ ಇನಿಷಿಯಲ್, ಊರಿಗೆ ಜಾಗವಿಲ್ಲ. ನಮ್ಮ ಸಂಘದ ಎಷ್ಟು ಮನೆಗಳಲ್ಲಿ ಊರಿನ ಅಕ್ಷರ ಮಕ್ಕಳ ಕಾಲಕ್ಕೇ ಉದುರಿಹೋಗಿದೆ ಎಂಬುದನ್ನು ಸದಸ್ಯರ ಪಟ್ಟಿ ತಿರುವಿದರೆ ಕಾಣಬಹುದು.

ಈಗ ಮೊಮ್ಮಗ ಹುಟ್ಟಿದ್ದಾನೆ. ಜನನದ ನೋಂದಣಿಯಾಗಿದೆ, ಹೆಸರನ್ನು ಆಮೇಲೆ ಸೇರಿಸಲು ಅವಕಾಶವಿದೆ. ಅಳಿಯಂದಿರು ಕೊಯಮತ್ತೂರು ಕಡೆಯ ತಮಿಳರು. ಊರಿನ ಮಾತನ್ನು ನಾನಾಗಿ ಎತ್ತಬಾರದೆಂದು ಬಾಯಿ ಬಿಗಿಹಿಡಿದಿದ್ದೆ. ಮೊನ್ನೆ ಊಟಕ್ಕೆ ಕುಳಿತಾಗ ಅವರೇ, “ತಂದೆಯ ಅಕ್ಷರವೂ ಇರಲಿ, ನಿಮ್ಮ ಊರೂ ಇರಲಿ ಮಾಮಾ” ಎಂದರು. ಮಗಳು ತೊಟ್ಟಿಲು ತೂಗುತ್ತಲೇ, “ಹಾಗಾದರೆ ಮೂರಾಯಿತು, ಎಫ್‌ಎಸ್‌ಟಿ ನಡೆಯುವುದಿಲ್ಲ” ಎಂದು ನಕ್ಕಳು. ಯಾವುದು ಎಡಕ್ಕೆ, ಯಾವುದು ನಡುವೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.